ಹುಡುಗರು ಊರಿಗೆ ಹೋದರು, ಖಾನಾವಳಿ ಖಾಲಿ. ಅತ್ತೆಗೆ ಏನು ದಾರಿ ಹೇಳಲಿ?

ಸಾಧನಕೇರಿ ಸೊಸೆ | 3 ಮೇ 2020

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ನಾನು ಬೆಂಗಳೂರಿನಲ್ಲಿ ಕೆಲಸ ಮಾಡುವವಳು. ಯುಗಾದಿಗೆ ಅಂತ ಧಾರವಾಡಕ್ಕೆ ಬಂದೆ. ಈ ಸಲ ಹಬ್ಬ ಮಾರ್ಚ್ 25ಕ್ಕೆ, ಲಾಕ್‌ಡೌನ್ ಶುರುವಾಗಿದ್ದೂ ಅವತ್ತೇ. ಬೇವು ಬೆಲ್ಲ ತಿಂದು ಕೂತವಳು ಇನ್ನೂ ಇಲ್ಲೇ ಇದ್ದೇನೆ. ಸೋದರತ್ತೆಯ ಅಡುಗೆಮನೆ ಕಟ್ಟೆಯೇ ನನ್ನ ಆಫೀಸು.

ಅತ್ತೆ ಸಪ್ತಾಪುರದ ಹತ್ತಿರ ಸಣ್ಣ ಖಾನಾವಳಿ ನಡೆಸುತ್ತಾರೆ. 19 ವರ್ಷವಾಯ್ತು. ಧಾರವಾಡ ಕಂಡವರಿಗೆ ಆ ಕಡೆ ಹೇಗಿರುತ್ತೆ ಅಂತ ಗೊತ್ತು. ಗಲ್ಲಿಗೊಂದು ಕೋಚಿಂಗ್ ಕ್ಲಾಸು, ಮಹಡಿಗೊಂದು ರೂಮು, ಪಿಎಸ್‌ಐ ಆಗಬೇಕು, ಎಫ್‌ಡಿಎ ಆಗಬೇಕು ಅಂತ ಓದುವ ಹುಡುಗರು. ಅಂಥ 45 ಜನ ನಮ್ಮಲ್ಲಿ ತಿಂಗಳ ಲೆಕ್ಕಕ್ಕೆ ಉಣ್ಣುತ್ತಿದ್ದರು. ಎರಡು ಹೊತ್ತಿಗೆ ತಿಂಗಳಿಗೆ 2,000 ರೂಪಾಯಿ.

ಕಲಬುರಗಿಯ ಮೊದಲ ಸಾವಿನ ಸುದ್ದಿ ಬಂತಲ್ಲ, ಅದರ ಬೆನ್ನಿಗೇ ಮಾರ್ಚ್ 14ರಿಂದ ಕಾಲೇಜು, ಕ್ಲಾಸು ಎಲ್ಲ ಬಂದ್. ಒಂದು ವಾರ ಅಷ್ಟೇ ಅಂದಿದ್ದರು. ಹುಡುಗರು ಪುಸ್ತಕ, ಹಾಸಿಗೆ ರೂಮಲ್ಲೇ ಬಿಟ್ಟು ಊರಿಗೆ ಹೋದರು. ಇನ್ನೂ ಬಂದಿಲ್ಲ.

ಪಾರ್ಸಲ್ ಕೊಡಬಹುದು ಅಂತ ಅನುಮತಿ ಇದೆ. ಆದರೆ ಯಾರಿಗೆ ಕೊಡುವುದು? ಈ ಕಡೆ ಮನೆಯವರು ಮನೆಯಲ್ಲೇ ರೊಟ್ಟಿ ಬಡಿಯುತ್ತಾರೆ. ಹೊರಗಿನ ಊಟ ಅಂದರೆ ಈಗ ಹೆದರಿಕೆ ಬೇರೆ.

ರೊಟ್ಟಿ ಬಡಿಯುವ ಮೂವರು ಹೆಂಗಸರಿದ್ದಾರೆ, ಪಾತ್ರೆಗೆ ಒಬ್ಬರು. ಅತ್ತೆ ಅವರನ್ನು ಬಿಡೋಕೆ ತಯಾರಿಲ್ಲ. 'ಅವರು ಹೋದರೆ ನಾನೂ ಹೋದಂಗ' ಅಂತಾರೆ. ನಾನು ಆನ್‌ಲೈನ್ ಮಾಡೋಣ, ಆ್ಯಪ್‌ಗೆ ಸೇರಿಸೋಣ ಅಂತ ಏನೇನೋ ಹೇಳಿದೆ. ಸುಮ್ನೆ ಕೇಳಿಸಿಕೊಂಡು, 'ನೀ ಮೊದಲ ಚಾ ಕುಡಿ' ಅಂದರು.

ಇಂಥ ಪರಿಸ್ಥಿತಿಯಲ್ಲಿ ಯಾರಾದರೂ ಏನಾದರೂ ಮಾಡಿದ್ದೀರಾ? ಮಾಡಿ ನೋಡಿದವರು ಹೇಳಿದರೆ ಉಪಕಾರ.

ಒಗ್ಗರಣೆ ಡಬ್ಬಿ | 3 ಮೇ 2020

ದಾವಣಗೆರೆಯಿಂದ. ನಮ್ಮದು ಮಂಡಕ್ಕಿ ಮಿರ್ಚಿ ಗಾಡಿ. ಮುಚ್ಚಿದೆ. ಮಿರ್ಚಿಯನ್ನು ಪಾರ್ಸಲ್ ತಗೊಂಡು ಹೋಗಿ ಮೆತ್ತಗಾದ ಮೇಲೆ ತಿನ್ನೋರು ಯಾರು? ನಿಮ್ಮ ದಾರಿ ಗೊತ್ತಾದರೆ ನನಗೂ ಹೇಳಿ ಅಕ್ಕ.

ಲೆಕ್ಕದ ಮಾಸ್ತರ | 3 ಮೇ 2020

ಬ್ಯಾಂಕಿನಲ್ಲಿ 31 ವರ್ಷ ಸಾಲದ ಟೇಬಲ್ಲಿನಲ್ಲಿ ಕೂತು ಎದ್ದವನು ನಾನು. ಈಗ ಹಾವೇರಿಯಲ್ಲಿ ಮನೆಯಲ್ಲಿದ್ದೇನೆ. ಹಾಗಾಗಿ ಒಂದೇ ಪ್ರಶ್ನೆ ಕೇಳುತ್ತೇನೆ ತಂಗಿ. ಆ್ಯಪು, ಆನ್‌ಲೈನು ಆಮೇಲೆ. ಗಲ್ಲಾದಲ್ಲಿ ಎಷ್ಟಿದೆ? ಬೀಗ ಹಾಕಿಕೊಂಡು ಕೂತರೂ ತಿಂಗಳಿಗೆ ಎಷ್ಟು ಹೋಗುತ್ತದೆ? ಬರಬೇಕಾದ್ದು ಎಷ್ಟು? ಮನೆಯಲ್ಲಿ ದಾಸ್ತಾನು ಏನಿದೆ? ನಾಲ್ಕೂ ಬರೆದು ಹಾಕಿ. ಊಹೆ ಬೇಡ. ಅತ್ತೆಯ ಲೆಕ್ಕದ ಪುಸ್ತಕ ತೆಗೆಸಿ.

ಸಾಧನಕೇರಿ ಸೊಸೆ | 4 ಮೇ 2020

ಮಾಸ್ತರ್, ನಿಮ್ಮ ಮಾತು ಕೇಳಿ ರಾತ್ರಿ 11ರವರೆಗೆ ಕೂತೆವು. ಅತ್ತೆಯ ಪುಸ್ತಕ ಅಂದರೆ ಉದ್ದ ಬಹೀ ಖಾತೆ, ಅರಿಶಿನದ ಕಲೆ, ಅಲ್ಲಲ್ಲಿ ಹಿಟ್ಟು. ಆದರೆ ಒಂದು ದಿನವೂ ತಪ್ಪಿಲ್ಲ.

ಕೈಯಲ್ಲಿರುವುದು 38,000.

ಸುಮ್ಮನೆ ಕೂತರೂ ಹೋಗುವುದು: ಬಾಡಿಗೆ 12,000, ಮುದ್ರಾ ಸಾಲದ ಕಂತು 9,800, ನಾಲ್ವರಿಗೆ ಅರ್ಧ ಸಂಬಳ ಅಂದರೂ 20,000, ಕರೆಂಟು ಸುಮಾರು 1,200. ಒಟ್ಟು 43,000. ಅಂದರೆ ಒಂದು ತಿಂಗಳೂ ಬಾಳುವುದಿಲ್ಲ. ಇದನ್ನು ಅಂಕಿಯಲ್ಲಿ ನೋಡಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಅತ್ತೆಗೆ ಬಂತು.

ಹುಡುಗರಿಂದ ಬರಬೇಕಾದ್ದು 42,000, ಹಳೇ ಉದ್ರಿ ಸೇರಿ. ತಿರುಗಿ ನಾವೇ ಕೊಡಬೇಕಾದ್ದೂ ಇದೆ. 11 ಹುಡುಗರು ಮಾರ್ಚ್ ಪೂರ್ತಿಯ ದುಡ್ಡು ಮುಂಚೆಯೇ ಕೊಟ್ಟಿದ್ದರು, ಅರ್ಧ ತಿಂಗಳೇ ಉಂಡಿದ್ದಾರೆ. ಅದು 11,000.

ದಾಸ್ತಾನು: ಬಿಳಿ ಜೋಳ 4 ಕ್ವಿಂಟಲ್. ಜನವರಿ, ಫೆಬ್ರುವರಿ ಸುಗ್ಗಿಯಲ್ಲಿ ಅತ್ತೆ ವರ್ಷದ ಜೋಳ ಹಿಡಿದಿಡುತ್ತಾರೆ, ಮಾಲದಂಡಿ ತಳಿನೇ ಆಗಬೇಕು. ಶೇಂಗಾ 60 ಕಿಲೋ. ಒಣಮೆಣಸಿನಕಾಯಿ, ಅಗಸಿ, ಗುರೆಳ್ಳು ಡಬ್ಬಿ ತುಂಬ.

ಉಳಿದವರಿಗೆ ಫೋನ್ ಮಾಡಿ ದುಡ್ಡು ಕೇಳೋಣ ಅಂದರೆ ಅತ್ತೆ ಒಪ್ಪುತ್ತಿಲ್ಲ. 'ಅವರಪ್ಪಗೂ ಕೆಲಸ ಇಲ್ಲ ಈಗ. ಉಂಡವರ ಮನಿಗೆ ಫೋನ್ ಹಚ್ಚಿ ರೊಕ್ಕ ಕೇಳೂದಿಲ್ಲ.'

ಲೆಕ್ಕದ ಮಾಸ್ತರ | 4 ಮೇ 2020

ಶಹಬ್ಬಾಸ್. ಅರ್ಧ ಕಾಯಿಲೆ ಗೊತ್ತಾಯ್ತು.

ಮೊದಲು ಸಾಲ. ರಿಸರ್ವ್ ಬ್ಯಾಂಕ್ ಮಾರ್ಚ್ 27ಕ್ಕೆ ಹೇಳಿದ ಮೊರಟೋರಿಯಂ ಇದೆಯಲ್ಲ, ಮಾರ್ಚ್‌ನಿಂದ ಮೇವರೆಗೆ ಕಂತು ಮುಂದೂಡಬಹುದು. ಬಹಳ ಜನ ಇದನ್ನು ಮನ್ನಾ ಅಂದುಕೊಂಡಿದ್ದಾರೆ. ಮನ್ನಾ ಅಲ್ಲ. ಬಡ್ಡಿ ಓಡುತ್ತಲೇ ಇರುತ್ತದೆ. ಅತ್ತೆಯ ಸಾಲ 3 ಲಕ್ಷ ಬಾಕಿ ಇದೆ, ಬಡ್ಡಿ ಶೇ 12 ಅಂತ ಇಟ್ಟುಕೊಳ್ಳಿ. ಮೊದಲ ತಿಂಗಳು 3,000, ಅದು ಅಸಲಿಗೆ ಸೇರಿ ಎರಡನೇ ತಿಂಗಳು 3,030, ಮೂರನೇದು 3,060. ಮೂರು ತಿಂಗಳಿಗೆ 9,090 ರೂಪಾಯಿ ಹೆಗಲೇರಿತು. ಕೈಯಲ್ಲಿ ದುಡ್ಡಿದ್ದವರು ಸುಮ್ಮನೆ ಕಂತು ಕಟ್ಟುವುದು ಒಳ್ಳೆಯದು. ಆದರೆ ನಿಮಗೆ ಈಗ ಕೈಯಲ್ಲಿ ರೊಕ್ಕ ಉಳಿಯುವುದು ಮುಖ್ಯ. ಹಾಗಾಗಿ ತಗೊಳ್ಳಿ. ಆದರೆ ತಿಂಗಳ ಬಡ್ಡಿಯಷ್ಟನ್ನಾದರೂ ಕಟ್ಟಲು ಆಗುತ್ತಾ ನೋಡಿ. ಹೊರೆ ಬೆಳೆಯುವುದಿಲ್ಲ.

ಎರಡನೆಯದು ಬಾಡಿಗೆ. ಕೇಂದ್ರ ಗೃಹ ಸಚಿವಾಲಯ ಮಾರ್ಚ್ 29ಕ್ಕೆ ಒಂದು ತಿಂಗಳ ಬಾಡಿಗೆ ಕೇಳಬೇಡಿ ಅಂತ ಹೇಳಿದ್ದು ಕೂಲಿ ಕಾರ್ಮಿಕರ ಮನೆಗೆ. ಅಂಗಡಿಗೆ ಅಲ್ಲ. ಆ ಆದೇಶ ಹಿಡಿದುಕೊಂಡು ಮಾಲೀಕರ ಹತ್ತಿರ ಜಗಳಕ್ಕೆ ಹೋಗಬೇಡಿ, ಸೋಲುತ್ತೀರಿ. ಹೋಗಿ ಕೂತು ಮಾತಾಡಿ. ಅರ್ಧ ಈಗ, ಅರ್ಧ ಮುಂದಿನ 12 ತಿಂಗಳಲ್ಲಿ ಸ್ವಲ್ಪ ಸ್ವಲ್ಪ ಅಂತ ಕೇಳಿ. ಒಪ್ಪಿದರೆ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಬಾಯಿಮಾತು ಆರು ತಿಂಗಳಿಗೆ ಮರೆತು ಹೋಗುತ್ತದೆ, ಒಳ್ಳೆಯವರಿಗೂ.

ಕೆಲಸದ ಹೆಂಗಸರ ಜನಧನ್ ಖಾತೆ ಇದ್ದರೆ ಏಪ್ರಿಲ್‌ನಿಂದ ಜೂನ್‌ವರೆಗೆ ತಿಂಗಳಿಗೆ 500 ಬರುತ್ತದೆ. ರೇಷನ್ ಕಾರ್ಡಿಗೆ ತಲಾ 5 ಕಿಲೋ ಅಕ್ಕಿ ಪುಕ್ಕಟೆ. ಬಂದಿದೆಯಾ ಕೇಳಿ. ಪಾಸ್‌ಬುಕ್ ಹಾಕಿಸದೆ ಬಂದಿಲ್ಲ ಅಂದುಕೊಂಡು ಕೂತವರು ಬಹಳ.

ಉದ್ರಿ ವಿಷಯದಲ್ಲಿ ನಿಮ್ಮತ್ತೆ ಹೇಳಿದ್ದಕ್ಕೆ ನಾನು ಏನೂ ಹೇಳಲಾರೆ. ಬ್ಯಾಂಕಿನವನಾಗಿ ತಪ್ಪು ಅನ್ನಬೇಕು.

ನೇರಮಾತು | 4 ಮೇ 2020

ಎಲ್ಲರೂ ದಾರಿ ಹುಡುಕಿ ಅನ್ನೋರೇ. ಹೊಸ ದಾರಿ ಹಿಡಿದು ಮುಳುಗಿದ ನನ್ನ ಕತೆ ಕೇಳಿ. ತುಮಕೂರಿನಲ್ಲಿ ನನ್ನದು ಫ್ಯಾನ್ಸಿ ಸ್ಟೋರು. ಮಾರ್ಚ್ ಮೊದಲ ವಾರದಲ್ಲಿ ಬಳೆ, ಕ್ಲಿಪ್ ಬಿಟ್ಟು ಸ್ಯಾನಿಟೈಸರ್, ಮಾಸ್ಕ್ ತರೋಣ ಅಂತ ಸಂಘದಿಂದ 80,000 ಎತ್ತಿದೆ. ಒಬ್ಬ ಡೀಲರ್ 200 ಎಂಎಲ್ ಬಾಟಲಿ 140ಕ್ಕೆ ಕೊಟ್ಟ. ಮಾರ್ಚ್ 20ರ ಹೊತ್ತಿಗೆ ಸರ್ಕಾರ ದರ ಕಟ್ಟಿತು. 200 ಎಂಎಲ್‌ಗೆ 100 ರೂಪಾಯಿ, ಮೂರು ಪದರದ ಮಾಸ್ಕ್‌ಗೆ 10. ಬಿದ್ದೆ. ಆಮೇಲೆ ನನ್ನದು ಫ್ಯಾನ್ಸಿ ಸ್ಟೋರು, ತೆಗೆಯೋ ಹಾಗೇ ಇಲ್ಲ. ಬಾಟಲಿಗಳು ಮಂಚದ ಕೆಳಗಿವೆ. ಮಕ್ಕಳು ದಿನಕ್ಕೆ ಎಂಟು ಸಲ ಕೈ ಒರೆಸಿಕೊಳ್ತಾರೆ, ಅದೇ ಲಾಭ.

ಗೊತ್ತಿಲ್ಲದ ಸರಕಿಗೆ ಕೈ ಹಾಕಬೇಡಿ ಅಕ್ಕ. ರೊಟ್ಟಿ ಗೊತ್ತಾ? ರೊಟ್ಟಿಯನ್ನೇ ಮಾಡಿ.

ಗಾಂಧಿಬಜಾರ್ ಕಾಫಿ | 5 ಮೇ 2020

ನೇರಮಾತು ಅವರ ಕೊನೆ ಸಾಲು ಓದಿ ಎಂಟಿಆರ್ ನೆನಪಾಯ್ತು. ತುರ್ತು ಪರಿಸ್ಥಿತಿ ಸಮಯದಲ್ಲಿ ಹೋಟೆಲ್ ತಿಂಡಿಗಳ ಬೆಲೆಯನ್ನು ಸರ್ಕಾರ ಬಲವಂತವಾಗಿ ಇಳಿಸಿತ್ತು. ಆ ಬೆಲೆಗೆ ಅದೇ ತುಪ್ಪ, ಅದೇ ಬೇಳೆ ಹಾಕಿ ಕೊಡೋಕೆ ಆಗಲ್ಲ. ರುಚಿ ಕೆಡಿಸೋಕೂ ಮನಸ್ಸಿಲ್ಲ. 1924ರಿಂದ ನಡೆದ ಹೆಸರು. ಆಗ ಅವರು ಹಿಡಿದ ದಾರಿ ಪುಡಿ ಮತ್ತು ಮಿಕ್ಸ್‌ಗಳದ್ದು. ತಟ್ಟೆಗೆ ಹಾಕಿ ಕೊಡುತ್ತಿದ್ದದ್ದನ್ನು ಪ್ಯಾಕೆಟ್‌ಗೆ ಹಾಕಿ ಕೊಟ್ಟರು. ಅದಕ್ಕೂ ಹಿಂದೆ, ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾಗ ರವೆಯಲ್ಲಿ ಇಡ್ಲಿ ಮಾಡಿದ್ದು ನಾವೇ ಅನ್ನುವುದೂ ಅವರದೇ ಮಾತು.

ನಿಮ್ಮತ್ತೆ ಹತ್ತಿರ 4 ಕ್ವಿಂಟಲ್ ಜೋಳ ಇದೆ, ರೊಟ್ಟಿ ಬಡಿಯೋ ಕೈಗಳಿವೆ. ಬಿಸಿ ರೊಟ್ಟಿ ಯಾಕೆ? ಖಡಕ್ ರೊಟ್ಟಿ ಮಾಡಿ. ತಿಂಗಳು ಇಟ್ಟರೂ ಏನಾಗಲ್ಲ. ಬೆಂಗಳೂರಿನಲ್ಲಿ ನಿಮ್ಮ ಕಡೆಯವರು ಎಷ್ಟು ಜನ ಇದ್ದಾರೆ, ಊರಿಗೆ ಹೋಗೋಕಾಗದೆ ಅಕ್ಕಿ ತಿಂದು ಕೂತಿದ್ದಾರೆ!

ನೇರಮಾತು | 5 ಮೇ 2020

ಎಲ್ಲರೂ ಎಂಟಿಆರ್ ಆಗೋಕಾಗಲ್ಲ ಸ್ವಾಮಿ. ಆದರೂ ಖಡಕ್ ರೊಟ್ಟಿ ಮಾತು ಒಪ್ಪಿದೆ.

ಮರಳುಗಾಡಿನ ಮಾವು | 5 ಮೇ 2020

ದೋಹಾದಲ್ಲಿದ್ದೇನೆ, ಊರು ಬಾಗಲಕೋಟೆ. ಇಲ್ಲಿಗೆ ತರಿಸೋದು ಬಿಡಿ, ವಿಮಾನವೇ ಇಲ್ಲ. ಆದರೆ ಅಪ್ಪ ಅಮ್ಮ ಬೆಂಗಳೂರಲ್ಲಿ ತಂಗಿ ಮನೇಲಿ ಸಿಕ್ಕಿಹಾಕಿಕೊಂಡಿದ್ದಾರೆ. ಅಮ್ಮನಿಗೆ ಕೈ ನೋವು, ರೊಟ್ಟಿ ಬಡಿಯೋಕಾಗಲ್ಲ. 50 ರೊಟ್ಟಿ, ಶೇಂಗಾ ಚಟ್ನಿ ಅರ್ಧ ಕಿಲೋ ಕಳಿಸುತ್ತೀರಾ? ದುಡ್ಡು ಮುಂಚೆಯೇ ಹಾಕುತ್ತೇನೆ. ಸುಮ್ನೆ ಸಹಾಯಕ್ಕಲ್ಲ, ನಿಜವಾಗಿ ಬೇಕು.

ಅಚ್ಚುಮೊಳೆ | 6 ಮೇ 2020

ಗದಗಿನಿಂದ. ನಮ್ಮೂರಿಗೆ ಮುದ್ರಣ ಕಾಶಿ ಅಂತಾರೆ, ಈಗ ಕಾಶಿಯಲ್ಲಿ ಮಷೀನುಗಳೆಲ್ಲ ಮೌನವ್ರತ. ನನ್ನದು ಲಗ್ನಪತ್ರಿಕೆ ಪ್ರೆಸ್ಸು. ಏಪ್ರಿಲ್, ಮೇ ಅಂದರೆ ನಮಗೆ ಸುಗ್ಗಿ, ವರ್ಷದ ಮುಕ್ಕಾಲು ಸಂಪಾದನೆ ಆಗ. ಮದುವೆಗೆ 50 ಜನ ಮಾತ್ರ ಅಂದ ಮೇಲೆ ಪತ್ರಿಕೆ ಯಾರಿಗೆ ಬೇಕು? ವಾಟ್ಸ್ಆ್ಯಪ್‌ನಲ್ಲಿ ಕಳಿಸ್ತಾರೆ. 'ಮಾಸ್ಕ್ ಹಾಕಿಕೊಂಡು ಬನ್ನಿ' ಅನ್ನೋ ಅಂಗಡಿ ಬೋರ್ಡು, ನೆಲಕ್ಕೆ ಅಂಟಿಸೋ ದುಂಡು ಸ್ಟಿಕರ್ ಅಷ್ಟೇ ಕೆಲಸ.

ಇಲ್ಲಿ ಮಾತು ಹಾಕಿದ್ದು ಯಾಕಂದರೆ, ಪ್ಯಾಕೆಟ್ ಮಾಡುವುದಾದರೆ ಲೇಬಲ್ ಬೇಕೇ ಬೇಕು. ಸುಮ್ನೆ ಹೆಸರು ಬರೆದು ಅಂಟಿಸಿದರೆ ಆಗಲ್ಲ. ಪದಾರ್ಥ ಏನು ಅಂತ, ಒಳಗೆ ಏನೇನು ಹಾಕಿದ್ದೀರಿ, ತೂಕ, ಮಾಡಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ಬೆಲೆ, ವಿಳಾಸ, ಹಸಿರು ಚುಕ್ಕಿ, ಆಹಾರ ಸುರಕ್ಷತಾ ಪ್ರಾಧಿಕಾರದ ಅಂದರೆ ಎಫ್‌ಎಸ್‌ಎಸ್‌ಎಐ ನಂಬರು. ಮೊದಲ 500 ನಾನು ಹೊಡೆದುಕೊಡ್ತೀನಿ. ಕಾಗದದ ರೊಕ್ಕ ಕೊಡಿ ಸಾಕು, ಅದೂ ರೊಟ್ಟಿ ಮಾರಿದ ಮೇಲೆ.

ಲೆಕ್ಕದ ಮಾಸ್ತರ | 7 ಮೇ 2020

ಎಫ್‌ಎಸ್‌ಎಸ್‌ಎಐ ಅಂದ ಕೂಡಲೇ ಹೆದರಬೇಡಿ. ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಬರೀ ನೋಂದಣಿ ಸಾಕು, ವರ್ಷಕ್ಕೆ 100 ರೂಪಾಯಿ. 45 ಜನ, 2,000, 12 ತಿಂಗಳು ಅಂದರೆ 10 ಲಕ್ಷ 80 ಸಾವಿರ. ನೀವು ಅದರೊಳಗೇ ಇದ್ದೀರಿ. ಖಾನಾವಳಿಗೆ ಮೊದಲೇ ಮಾಡಿಸಿರಬೇಕು, ಇದೆಯಾ ಹುಡುಕಿ. ಏಜೆಂಟರಿಗೆ 2,000 ಕೊಡಬೇಡಿ, ನೀವೇ ಕಂಪ್ಯೂಟರಲ್ಲಿ ಮಾಡಬಹುದು.

ನಿನ್ನೆ ಮುಖ್ಯಮಂತ್ರಿ ಯಡಿಯೂರಪ್ಪನವರು ಹೇಳಿದ 1,610 ಕೋಟಿ ಪ್ಯಾಕೇಜ್ ನೋಡಿದೆ. ಕ್ಷೌರಿಕರು, ಮಡಿವಾಳರು, ಆಟೊ, ಟ್ಯಾಕ್ಸಿ ಚಾಲಕರಿಗೆ 5,000. ಕೈಮಗ್ಗದ ನೇಕಾರರಿಗೆ 2,000. ಹೂವಿನ ಬೆಳೆಗಾರರಿಗೆ ಹೆಕ್ಟೇರಿಗೆ 25,000. ಖಾನಾವಳಿ ಅನ್ನುವ ಪದ ಎಲ್ಲೂ ಇಲ್ಲ. ಸಣ್ಣ ಕೈಗಾರಿಕೆಗೆ ಎರಡು ತಿಂಗಳು ಕರೆಂಟಿನ ನಿಗದಿತ ಶುಲ್ಕ ಬಿಟ್ಟಿದ್ದಾರೆ. ನಿಮ್ಮ ಮೀಟರಿಗೆ ಅನ್ವಯಿಸುತ್ತದಾ ಅಂತ ಹೆಸ್ಕಾಂನಲ್ಲಿ ಕೇಳಿ ನೋಡಿ, ಕೇಳುವುದಕ್ಕೇನು ಖರ್ಚಿಲ್ಲ.

ಒಗ್ಗರಣೆ ಡಬ್ಬಿ | 7 ಮೇ 2020

ನಾಲ್ಕನೇ ತಾರೀಖು ಬ್ರಾಂದಿ ಅಂಗಡಿ ಮುಂದೆ ಕ್ಯೂ ನೋಡಿದ್ರಾ? ನಾವು ಒಲೆ ಹಚ್ಚಿದ್ರೆ ಮಾತ್ರ ರೋಗ ಹರಡುತ್ತೆ. ಕ್ಷಮಿಸಿ, ವಿಷಯ ಬಿಟ್ಟು ಹೋದೆ.

ಹಾಲೆಮರ | 9 ಮೇ 2020

ಚನ್ನಪಟ್ಟಣದವನು. ನಮ್ಮನೇಲಿ ಮೂರು ತಲೆಮಾರು ಬೊಂಬೆ ಕೆಲಸ. ಹಾಲೆ ಮರ ತಂದು, ಒಣಗಿಸಿ, ಲೇತಿಗೆ ಹಾಕಿ, ಅರಗಿನ ಬಣ್ಣ ಹಚ್ಚೋದು. ಮೈಸೂರು ರಸ್ತೆಯಲ್ಲಿ ಕಾರು ನಿಲ್ಲಿಸಿ ಕೊಳ್ಳೋರೇ ನಮ್ಮ ಗಿರಾಕಿ. ರಸ್ತೆ ಖಾಲಿ ಅಂದರೆ ನಾವೂ ಖಾಲಿ.

ನಿಮ್ಮ ರೊಟ್ಟಿಗೆ ಹೋಲಿಸಿದರೆ ನಮ್ಮದಕ್ಕೆ ಒಂದು ಅನುಕೂಲ, ಕೆಡಲ್ಲ. ಒಂದು ಅನಾನುಕೂಲ, ಹಸಿವಾಗಲ್ಲ. ಬೊಂಬೆ ಇಲ್ಲ ಅಂತ ಯಾರೂ ಫೋನ್ ಮಾಡಲ್ಲ. ಮಗಳು ಕೂತು ಯೋಚಿಸಿ ಒಂದು ಮಾಡಿದಳು. ಮಕ್ಕಳು ಮನೇಲಿ ಕೂತು ಅಪ್ಪ ಅಮ್ಮನ ತಲೆ ತಿಂತಿದ್ದಾರಲ್ಲ, ಅದಕ್ಕೆ ಬಣ್ಣ ಹಚ್ಚದ ಬುಗುರಿ, ಗಿಲಕಿ, ಗೊಂಬೆ ಐದು, ಜೊತೆಗೆ ಬಣ್ಣ, ಕುಂಚ ಹಾಕಿ ಒಂದು ಪೆಟ್ಟಿಗೆ. ನನಗೆ ಮೊದಲು ಸಿಟ್ಟು ಬಂತು. ಬಣ್ಣ ಹಚ್ಚದ ಬೊಂಬೆ ಅಂದರೆ ಅರ್ಧ ಕೆಲಸ ಅಲ್ವಾ? ಅರ್ಧ ಕೆಲಸವನ್ನು ಮಾರೋದಾ? ಈಗ ವಾರಕ್ಕೆ 15, 20 ಹೋಗ್ತಿವೆ. ಸುಮ್ಮನಾಗಿದ್ದೇನೆ.

ಪ್ಯಾಕಿಂಗ್ ಬಗ್ಗೆ ಒಂದು ಮಾತು. ಮೊದಲು ನಿಮ್ಮ ಅಣ್ಣನಿಗೋ ಗೆಳತಿಗೋ ಒಂದು ಪಾರ್ಸಲ್ ಕಳಿಸಿ, ಒಡೆಯದೆ ಹೋಗುತ್ತಾ ನೋಡಿ. ಗಿರಾಕಿಗೆ ಆಮೇಲೆ.

ಸಾಧನಕೇರಿ ಸೊಸೆ | 24 ಮೇ 2020

ಮೂರು ವಾರ ಬರೆಯಲಿಲ್ಲ. ಬರೆಯೋಕೆ ಪುರುಸೊತ್ತಿರಲಿಲ್ಲ ಅನ್ನುವುದೇ ಒಳ್ಳೆ ಸುದ್ದಿ.

ಹಾಲೆಮರ ಅವರ ಮಾತು ಕೇಳಿ ಬೆಂಗಳೂರಿನ ನನ್ನ ರೂಮ್‌ಮೇಟ್‌ಗೆ 40 ರೊಟ್ಟಿ ಅಂಚೆಯಲ್ಲಿ ಕಳಿಸಿದೆ. 17 ಚೂರು. ಫೋಟೋ ನೋಡಿ ಅತ್ತೆ ಅತ್ತೇಬಿಟ್ಟರು. ಊಟ ಹಾಳಾಗುವುದನ್ನು ಅವರು ನೋಡಲಾರರು. ರೂಮ್‌ಮೇಟ್ ಆ ಚೂರಿಗೆ ಮಜ್ಜಿಗೆ ಚಿಮುಕಿಸಿ ಒಗ್ಗರಣೆ ಹಾಕಿಕೊಂಡು ತಿಂದಳಂತೆ, ಅದು ಬೇರೆ ವಿಷಯ.

ಎರಡನೇ ಸಲ ಅಚ್ಚುಮೊಳೆ ಅವರು ಲೇಬಲ್ ಜೊತೆ ಲಗ್ನಪತ್ರಿಕೆಯ ದಪ್ಪ ರಟ್ಟನ್ನು ರೊಟ್ಟಿ ಅಳತೆಗೆ ದುಂಡಗೆ ಕತ್ತರಿಸಿ ಕಳಿಸಿದರು. ತರಕಾರಿ ಲಾರಿಯಲ್ಲಿ ಬಂತು. ಹತ್ತು ರೊಟ್ಟಿಗೆ ಮೇಲೊಂದು ಕೆಳಗೊಂದು ರಟ್ಟು, ಬಿಗಿಯಾಗಿ ಸುತ್ತಿ, ಪೆಟ್ಟಿಗೆಯಲ್ಲಿ ಅಲುಗದ ಹಾಗೆ ಸುತ್ತ ಕಾಗದ. ಸಡಿಲ ಇದ್ದರೆ ಒಡೆಯುತ್ತೆ, ಬಿಗಿ ಇದ್ದರೆ ಇಲ್ಲ. ಅಷ್ಟೇ ಗುಟ್ಟು. 40ರಲ್ಲಿ 2 ಒಡೆದವು. ಒಂದು ರಟ್ಟಿನ ಮೇಲೆ ಗಣಪತಿ, 'ಶ್ರೀ ಗಣೇಶಾಯ ನಮಃ' ಅಂತ ಅಚ್ಚಾಗಿತ್ತು. ಯಾರದೋ ಮುಂದೂಡಿದ ಮದುವೆ.

ಬೆಲೆ ಹೇಗೆ ಕಟ್ಟಿದೆವು ಅಂದರೆ, ಒಂದು ಕಿಲೋ ಹಿಟ್ಟಿಗೆ ನಮ್ಮ ಕೈಯಲ್ಲಿ 18 ರೊಟ್ಟಿ ಬರುತ್ತವೆ. ಜೋಳ, ಬೀಸಿದ ಕೂಲಿ, ಗ್ಯಾಸು, ರಟ್ಟು, ಕವರು, ಹೆಂಗಸರ ಕೂಲಿ ಎಲ್ಲ ಸೇರಿ ಒಂದಕ್ಕೆ 4 ರೂಪಾಯಿ ಮೇಲೆ ಬಿತ್ತು. 6ಕ್ಕೆ ಮಾರುತ್ತಿದ್ದೇವೆ. ಅಂಚೆ ಖರ್ಚು ಬೇರೆ. ಅತ್ತೆ 5 ಅಂದರು, ನಾನು 8 ಅಂದೆ, ಮಾಸ್ತರ್ ಫೋನಿನಲ್ಲಿ 6 ಅಂದರು. ನಿಜ ಹೇಳಬೇಕಂದರೆ ಲಾಭ ಚಟ್ನಿಯಲ್ಲಿದೆ. ಶೇಂಗಾ, ಅಗಸಿ, ಗುರೆಳ್ಳು ಚಟ್ನಿ ಇಲ್ಲದೆ ಬರೀ ರೊಟ್ಟಿ ಯಾರೂ ಕೇಳುವುದಿಲ್ಲ.

ಈಗ ಉದ್ರಿ ಕತೆ. ನಾನು ಅತ್ತೆಗೆ ತಿಳಿಯದ ಹಾಗೆ ಒಂದು ಕೆಲಸ ಮಾಡಿದೆ. ದುಡ್ಡು ಕೇಳಲಿಲ್ಲ. ಮುಂಗಡ ಕೊಟ್ಟಿದ್ದ 11 ಹುಡುಗರಿಗೆ ಮೆಸೇಜ್ ಮಾಡಿದೆ: 'ನಿಮ್ಮ 1,000 ರೂಪಾಯಿ ನಮ್ಮ ಹತ್ತಿರ ಇದೆ. ಬೇಕಾದರೆ ವಾಪಸ್ ಹಾಕುತ್ತೇವೆ, ಇಲ್ಲವಾದರೆ ರೊಟ್ಟಿ ಕಳಿಸುತ್ತೇವೆ.' ಇಬ್ಬರು ದುಡ್ಡು ತಗೊಂಡರು. ಅವರಿಗೆ ಕಷ್ಟ ಇತ್ತು. ಉಳಿದ 9 ಜನ ಮುಂದಿನ ತಿಂಗಳಿಗೆ ಇಟ್ಟುಕೊಳ್ಳಿ ಅಂದರು. ಈ ಮೆಸೇಜು ಅವರ ಗುಂಪಿನಲ್ಲಿ ಓಡಾಡಿತಂತೆ. ಆಮೇಲೆ ಬಾಕಿ ಇದ್ದವರು ತಾವಾಗಿ ಫೋನ್‌ಪೇ ಮಾಡೋಕೆ ಶುರು ಮಾಡಿದರು. 400, 700, 1,000 ಅಂತ. ಇವತ್ತಿಗೆ 42,000ದಲ್ಲಿ 26,500 ಬಂದಿದೆ. ಸಿಂದಗಿ ಕಡೆಯ ಒಬ್ಬ ಹುಡುಗ, 'ರೊಕ್ಕ ಇಲ್ರಿ, ಹೊಲದ ಜೋಳ ಐತಿ' ಅಂತ ಎರಡು ಚೀಲ ಕಳಿಸಿದ. ಅವನ ಬಾಕಿ ಇದ್ದದ್ದು 1,400. ಅತ್ತೆ ಪುಸ್ತಕದಲ್ಲಿ ಅವನ ಹೆಸರಿಗೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ನಾವೇ ಕೊಡಬೇಕಾದ್ದನ್ನು ಬರೆದರು.

ಬಾಡಿಗೆ ಮಾಲೀಕರು ಅರ್ಧಕ್ಕೆ ಒಪ್ಪಿದರು. ಹಾಳೆಗೆ ಸಹಿ ಹಾಕುವಾಗ, 'ನನ್ನ ಮ್ಯಾಲೆ ನಂಬಿಕೆ ಇಲ್ಲೇನ್ರಿ' ಅಂದರಂತೆ. ಅತ್ತೆ, 'ಅದು ಬ್ಯಾಂಕಿನವರ ಚಾಳಿರಿ' ಅಂದರಂತೆ. ಮಾಸ್ತರ್, ಬೇಜಾರು ಮಾಡಿಕೊಳ್ಳಬೇಡಿ.

ಲೆಕ್ಕದ ಮಾಸ್ತರ | 25 ಮೇ 2020

ಚಾಳಿ ಇದ್ದದ್ದಕ್ಕೇ ಪಿಂಚಣಿ ಬರುತ್ತಿದೆ ತಂಗಿ.

ಎರಡು ವಿಷಯ. ಮೊರಟೋರಿಯಂ ಆಗಸ್ಟ್ 31ರವರೆಗೆ ವಿಸ್ತರಿಸಿದ್ದಾರೆ. ನಿಮಗೆ ಈಗ ದುಡ್ಡು ಬರುತ್ತಿದೆ, ಹಾಗಾಗಿ ಜೂನ್‌ನಿಂದ ಕಂತು ಕಟ್ಟಿ. ಎಳೆಯಬೇಡಿ.

ಇನ್ನೊಂದು, ಕೇಂದ್ರದ 3 ಲಕ್ಷ ಕೋಟಿಯ ಗ್ಯಾರಂಟಿ ಸಾಲ. ಫೆಬ್ರುವರಿ 29ಕ್ಕೆ ಬಾಕಿ ಇದ್ದ ಸಾಲದ ಶೇ 20ರಷ್ಟು ಹೊಸದಾಗಿ ಕೊಡುತ್ತಾರೆ, ಅಡಮಾನ ಇಲ್ಲ. ಬ್ಯಾಂಕಿನ ಬಡ್ಡಿ ಶೇ 9.25 ದಾಟುವಂತಿಲ್ಲ, ನಾಲ್ಕು ವರ್ಷ ಅವಧಿ, ಮೊದಲ ವರ್ಷ ಅಸಲು ಕಟ್ಟಬೇಕಿಲ್ಲ. ಮುದ್ರಾದವರಿಗೂ ಉಂಟು. ನಿಮ್ಮ 3 ಲಕ್ಷಕ್ಕೆ 60,000 ಸಿಗುತ್ತದೆ. ಬೇಕಾ? ಅತ್ತೆಯನ್ನು ಕೇಳಿ. ಸುಗ್ಗಿಯಲ್ಲಿ ಜೋಳ ಹಿಡಿಯಲು ಬೇಕಾಗಬಹುದು. ಮನೆ ಖರ್ಚಿಗೆ ಮಾತ್ರ ಬೇಡವೇ ಬೇಡ. ಸಾಲ ಸಿಗುತ್ತದೆ ಅಂತ ಮಾಡಿದ ಸಾಲಗಳೇ ನಾನು ನೋಡಿದ ಅರ್ಧ ಕೆಟ್ಟ ಸಾಲಗಳು.

ನೇರಮಾತು | 25 ಮೇ 2020

ಹಾಗಾದರೆ ಮೊದಲೇ ಸಾಲ ಇದ್ದವನಿಗೆ ಮಾತ್ರ ಸಾಲ. ಬ್ಯಾಂಕ್ ಮೆಟ್ಟಿಲೇ ಹತ್ತದವನಿಗೆ ಏನಿಲ್ಲ. ನನ್ನದು ಸಂಘದ ಸಾಲ, ಅದು ಲೆಕ್ಕಕ್ಕಿಲ್ಲ.

ಲೆಕ್ಕದ ಮಾಸ್ತರ | 25 ಮೇ 2020

ನೀವು ಹೇಳಿದ್ದು ನಿಜ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಒಗ್ಗರಣೆ ಡಬ್ಬಿ | 6 ಜುಲೈ 2020

ಜೂನ್ 8ರಿಂದ ಹೋಟೆಲ್ ತೆಗೆಯಬಹುದು ಅಂದರಲ್ಲ, ನಾನೂ ತೆಗೆದೆ. ಮೊದಲಿನ ಕಾಲು ಭಾಗ ಜನ. ನಮ್ಮ ವಾರ್ಡಿನಲ್ಲಿ ಬೀದಿ ವ್ಯಾಪಾರಿಗಳ ಸರ್ವೆಯಲ್ಲಿ ನನ್ನ ಗಾಡಿಯ ಹೆಸರೂ ಇತ್ತು. ಹಾಗಾಗಿ ಪಿಎಂ ಸ್ವನಿಧಿಯಲ್ಲಿ 10,000ಕ್ಕೆ ಅರ್ಜಿ ಹಾಕಿದ್ದೇನೆ. ಒಂದು ವರ್ಷದಲ್ಲಿ ತೀರಿಸಬೇಕು. ಸರಿಯಾಗಿ ಕಟ್ಟಿದರೆ ಬಡ್ಡಿಯಲ್ಲಿ ಶೇ 7 ವಾಪಸ್ ಬರುತ್ತೆ ಅಂತಾರೆ. ನೇರಮಾತು ಅಣ್ಣ, ನಿಮ್ಮದು ಅಂಗಡಿ, ಗಾಡಿ ಅಲ್ಲ. ನಿಮಗೆ ಸಿಗಲ್ಲ ಅನ್ಸುತ್ತೆ. ಬೇಜಾರು.

ಮಿರ್ಚಿ ಹಿಟ್ಟಿನ ಮಿಕ್ಸ್ ಪ್ಯಾಕೆಟ್ ಮಾಡಿ ನೋಡಿದೆ. ಎರಡು ಕಿಲೋ ಹೋಯ್ತು, ಅದೂ ನೆಂಟರಿಗೆ. ಮನೇಲಿ ಕೂತು ಮಿರ್ಚಿ ಕರಿಯೋರು ಮೊದಲೇ ಕರೀತಾ ಇದ್ರು, ನನ್ನ ಹಿಟ್ಟು ಯಾಕೆ ಬೇಕು? ಕೈಬಿಟ್ಟೆ.

ಸಾಧನಕೇರಿ ಸೊಸೆ | 18 ಸೆಪ್ಟೆಂಬರ್ 2020

ಮಳೆ ನಮ್ಮನ್ನು ಸೋಲಿಸಿತು. ಧಾರವಾಡದ ಮಳೆ ಗೊತ್ತಲ್ಲ, ಸುರಿಯುವುದಿಲ್ಲ, ಹಿಡಿದರೆ ಬಿಡುವುದೂ ಇಲ್ಲ. ಜುಲೈನಲ್ಲಿ ರೊಟ್ಟಿ ಖಡಕ್ ಆಗಲೇ ಇಲ್ಲ. ಆದದ್ದೂ ಎರಡು ದಿನಕ್ಕೆ ಮೆತ್ತಗೆ. ಒಂದು ವಾರದ ಮಾಲು, 600 ರೊಟ್ಟಿ, ಬೂಸ್ಟು ಬಂದು ದನಕ್ಕೆ ಹಾಕಿದೆವು. 11 ಜನಕ್ಕೆ ದುಡ್ಡು ವಾಪಸ್. ಒಬ್ಬರು ಸಿಕ್ಕಾಪಟ್ಟೆ ಬೈದರು, ಬೈದದ್ದು ಸರಿಯಾಗಿಯೇ ಇತ್ತು.

ಅತ್ತೆ ಎರಡು ದಿನ ಒಲೆ ಹಚ್ಚಲಿಲ್ಲ. ಮೂರನೇ ದಿನ ರೊಟ್ಟಿ ಬಡಿಯುವ ಒಬ್ಬ ಅಕ್ಕ ಹೇಳಿದರು: ಹಳ್ಳಿಯಲ್ಲಿ ಮಳೆಗಾಲಕ್ಕೆ ತೆಳ್ಳಗೆ ಬಡಿದು, ಬೇಯಿಸಿದ ಮೇಲೆ ಒಲೆ ಸುತ್ತ ನಿಲ್ಲಿಸಿ ಕೆಂಡದ ಕಾವಿಗೆ ಮತ್ತೊಮ್ಮೆ ಒಣಗಿಸುತ್ತಾರಂತೆ. ಗ್ಯಾಸಿನಲ್ಲಿ ಅದು ಆಗುವುದಿಲ್ಲ. ಹಿತ್ತಲಿನಲ್ಲಿ ಎರಡು ಕಟ್ಟಿಗೆ ಒಲೆ ಹಾಕಿಸಿದೆವು. ಸಜ್ಜೆ ರೊಟ್ಟಿ ನಿಲ್ಲಿಸಿಬಿಟ್ಟೆವು, ಅದು ಬೇಗ ಕಮಟು ಹೊಡೆಯುತ್ತೆ. ಲೇಬಲ್ಲಿನಲ್ಲಿ 30 ದಿನ ಅಂತ ಇದ್ದದ್ದನ್ನು ಮಳೆಗಾಲಕ್ಕೆ 12 ಅಂತ ಮಾಡಿಸಿದೆ. ಅಚ್ಚುಮೊಳೆ ಅವರು ಹಳೇ ಲೇಬಲ್ ಮೇಲೆ ಅಂಟಿಸೋಕೆ ಸಣ್ಣ ಚೀಟಿ ಮಾಡಬಹುದಿತ್ತು, ಅವರೇ ಬೇಡ ಅಂದರು. 'ಅಂಟಿಸಿದ್ದನ್ನ ಕಂಡರ ಜನಕ್ಕ ಸಂಶಯ ಬರ್ತದ' ಅಂದರು. ಹೊಸದೇ ಹೊಡೆದುಕೊಟ್ಟರು.

ನಡುವೆ ನನ್ನ ಹಟಕ್ಕೆ ಒಂದು ಡೆಲಿವರಿ ಆ್ಯಪ್‌ಗೂ ಸೇರಿದ್ದೆವು. ಊಟದ ಬೆಲೆಯಲ್ಲಿ ಸುಮಾರು ಕಾಲು ಭಾಗ ಅವರಿಗೇ ಹೋಯ್ತು, ಮೇಲೆ ರಿಯಾಯಿತಿ ಕೊಡಿ ಅಂತ ಒತ್ತಾಯ. ಐದು ವಾರಕ್ಕೆ ಬಿಟ್ಟೆವು. ಅತ್ತೆ ಏನೂ ಅನ್ನಲಿಲ್ಲ, 'ಚಾ ಕುಡಿ' ಅಂದರು.

ಹಾಲೆಮರ | 19 ಸೆಪ್ಟೆಂಬರ್ 2020

ಮರವೂ ಹಾಗೇ ತಾಯಿ. ಸರಿಯಾಗಿ ಒಣಗದ್ದನ್ನು ಲೇತಿಗೆ ಹಾಕಿದರೆ ಆಮೇಲೆ ಬಿರುಕು ಬಿಡುತ್ತೆ. ಅವಸರ ಆಗಲ್ಲ.

ನಮ್ಮ ಕಡೆ ಸುದ್ದಿ ಏನಂದರೆ, ಆಗಸ್ಟ್ 30ಕ್ಕೆ ಮನ್ ಕೀ ಬಾತ್‌ನಲ್ಲಿ ಪ್ರಧಾನಿ ಚನ್ನಪಟ್ಟಣದ ಹೆಸರು ಹೇಳಿದರು. ಮರುದಿನದಿಂದ ಟಿವಿಯವರು ಬಂದರು. ಆರ್ಡರ್ ನಿಧಾನಕ್ಕೆ ಬರ್ತಾ ಇವೆ. ಬಣ್ಣ ಹಚ್ಚದ ಪೆಟ್ಟಿಗೆ ಈಗಲೂ ಹೋಗ್ತಿದೆ, ಮಗಳು ಹೇಳಿದ್ದೇ ಸರಿ. ಅವಳ ಮುಂದೆ ಇನ್ನೂ ಒಪ್ಪಿಕೊಂಡಿಲ್ಲ.

ಸಾಧನಕೇರಿ ಸೊಸೆ | 22 ನವೆಂಬರ್ 2020

17ರಿಂದ ಕಾಲೇಜು ತೆರೆದವು. 45ರಲ್ಲಿ 13 ಜನ ಬಂದಿದ್ದಾರೆ. ಸಿಂದಗಿ ಹುಡುಗ ಬಂದ. ಅವನಿಗೆ ಎಷ್ಟು ತಿಂಗಳು ಪುಕ್ಕಟೆ ಊಟ ಅಂತ ಅತ್ತೆ ಮತ್ತು ಅವನ ನಡುವೆ ಜಗಳ ನಡೆದಿದೆ. ಇವರು ಜಾಸ್ತಿ ಹೇಳ್ತಾರೆ, ಅವನು ಕಡಿಮೆ.

60,000 ಸಾಲ ತಗೊಂಡೆವು ಮಾಸ್ತರ್. ಪೂರ್ತಿ ಜೋಳಕ್ಕೆ ಅಂತ ಎತ್ತಿಟ್ಟಿದೆ, ಪಾಸ್‌ಬುಕ್ ಅತ್ತೆಯ ಟ್ರಂಕಿನಲ್ಲಿ. ಹೆಂಗಸರಿಗೆ ಅಕ್ಟೋಬರ್‌ನಿಂದ ಪೂರ್ತಿ ಸಂಬಳ. ಬಾಡಿಗೆಯ ಹಳೇ ಬಾಕಿ ನಾಲ್ಕು ತಿಂಗಳದ್ದು ತೀರಿದೆ.

ಅಚ್ಚುಮೊಳೆ | 23 ನವೆಂಬರ್ 2020

ಲೇಬಲ್ ಕೆಲಸ ನನಗೂ ಹಿಡೀತು ನೋಡ್ರಿ. ಉಪ್ಪಿನಕಾಯಿ, ಚಟ್ನಿಪುಡಿ, ಶಾವಿಗೆ ಮಾಡುವ 23 ಮನೆಗಳು ಈಗ ನನ್ನ ಗಿರಾಕಿ. ಲಗ್ನಪತ್ರಿಕೆ ಮೊದಲಿನ ಹಂಗ ಇಲ್ಲ, 500 ಹೊಡೆಸೋರು 100 ಹೊಡೆಸ್ತಾರೆ.

ಸಾಧನಕೇರಿ ಸೊಸೆ | 29 ಏಪ್ರಿಲ್ 2021

ಮತ್ತೆ ಶುರು. ಮೊನ್ನೆ 27ರ ರಾತ್ರಿಯಿಂದ 14 ದಿನ ಕರ್ಫ್ಯೂ. ಬೆಳಿಗ್ಗೆ 6ರಿಂದ 10 ಮಾತ್ರ ಅಂಗಡಿ. 38 ಹುಡುಗರಾಗಿದ್ದರು, ಮತ್ತೆ ಬ್ಯಾಗ್ ಹಿಡಿದು ಹೊರಟರು. ಈ ಸಲ ಭಯ ಜಾಸ್ತಿ ಇದೆ. ಓಣಿಯಲ್ಲೇ ಇಬ್ಬರು ಹೋದರು. ರೊಟ್ಟಿ ಬಡಿಯುವ ಅಕ್ಕಂದಿರಲ್ಲಿ ಒಬ್ಬರಿಗೆ ಪಾಸಿಟಿವ್, ಮನೆಯಲ್ಲೇ ಇದ್ದಾರೆ, ಊಟ ಇಲ್ಲಿಂದ ಹೋಗುತ್ತೆ. ಎಲ್ಲರೂ ಟೆಸ್ಟ್ ಮಾಡಿಸಿ, ವಾರ ಒಲೆ ಆರಿಸಿದ್ದೇವೆ. ಬಂದ ಆರ್ಡರ್‌ಗೆಲ್ಲ ತಡವಾಗುತ್ತೆ, ಕಾರಣ ಇದು ಅಂತ ಮುಚ್ಚಿಡದೆ ಬರೆದು ಹಾಕಿದೆ. ನಾಲ್ಕು ಜನ ಆರ್ಡರ್ ವಾಪಸ್ ತಗೊಂಡರು. ಉಳಿದವರು ಕಾಯುತ್ತೇವೆ ಅಂದರು.

ಹೋಗುವಾಗ ಹುಡುಗರು ತಾವೇ ಬಂದು ಅತ್ತೆಯ ಪುಸ್ತಕ ತೆಗೆಸಿ ಲೆಕ್ಕ ಮುಗಿಸಿದರು. ಮೂವರದು ಬಾಕಿ ಇದೆ. ಜೋಳ 6 ಕ್ವಿಂಟಲ್ ಇದೆ.

ಮರಳುಗಾಡಿನ ಮಾವು | 29 ಏಪ್ರಿಲ್ 2021

ಹುಷಾರಾಗಿರಿ ಎಲ್ಲರೂ. ಅಮ್ಮ ಕೇಳ್ತಿದ್ದಾರೆ, ಆ ಅಕ್ಕ ಹೇಗಿದ್ದಾರೆ ಅಂತ. ರೊಟ್ಟಿಗೆ ಅವಸರ ಇಲ್ಲ. ಒಲೆ ಹಚ್ಚಿದಾಗ 100 ಬರೆದುಕೊಳ್ಳಿ, ಗುರೆಳ್ಳು ಚಟ್ನಿ ಈ ಸಲ ಖಾರ ಕಡಿಮೆ.

ಸಾಧನಕೇರಿ ಸೊಸೆ | 29 ಏಪ್ರಿಲ್ 2021

ಅಕ್ಕನಿಗೆ ಇವತ್ತು ಜ್ವರ ಇಲ್ಲ. ಖಾರ ಕಡಿಮೆ ಅಂತ ಹೇಳಿದ್ದೇನೆ. ಅತ್ತೆ ಬರೆದುಕೊಂಡಿದ್ದಾರೆ, ಮಾಡ್ತಾರೋ ಇಲ್ವೋ ಗೊತ್ತಿಲ್ಲ.